ಸೂರ್ಯ ಮಂಕಾದ ಕಡೆ ಕರೆಂಟು ಎಲ್ಲಿಂದ?

ಹೊರಗ್ರಹಗಳಿಗೆ ನೌಕೆ ಕಳಿಸುವ ಮಾತು ಬಂದಾಗ ಎಲ್ಲರ ಗಮನ ರಾಕೆಟ್ಟಿನ ಮೇಲೆ. ಅದರ ಕೆಲಸವೋ ಹೊರಟ ದಿನವೇ ಮುಗಿದಿರುತ್ತದೆ. ಆಮೇಲೆ ವರ್ಷಗಟ್ಟಲೆ ಕ್ಯಾಮೆರಾ, ಕಂಪ್ಯೂಟರು, ರೇಡಿಯೊ ಎಲ್ಲವೂ ನಡೆಯಬೇಕಾದದ್ದು ವಿದ್ಯುತ್ತಿನಿಂದ.

ಸೌರಫಲಕ ಹಾಕಿದರಾಯಿತಲ್ಲ? ಸೂರ್ಯನಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಗುರುಗ್ರಹದ ಬಳಿ ಸಿಗುವ ಬಿಸಿಲು ನಮ್ಮಲ್ಲಿಯದರ 27ರಲ್ಲಿ ಒಂದು ಪಾಲು. ಶನಿಯ ಬಳಿ ಸುಮಾರು 90ರಲ್ಲಿ ಒಂದು, ನೆಪ್ಚೂನ್ ಬಳಿ 900ರಲ್ಲಿ ಒಂದು.

1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳು ಅದಕ್ಕೇ ಪ್ಲುಟೋನಿಯಂ-238 ಹೊತ್ತು ಹೋದವು. ಬಾಂಬಿಗೆ ಬಳಸುವ ಪ್ಲುಟೋನಿಯಂ ಇದಲ್ಲ. ಇದರ ಪರಮಾಣುಗಳು ತಾವಾಗಿ ಒಡೆಯುತ್ತ ಆಲ್ಫಾ ಕಣಗಳನ್ನು ಚಿಮ್ಮಿಸುತ್ತವೆ. ಆ ಕಣಗಳು ಇಂಧನದೊಳಗೇ ತಡೆದು ನಿಲ್ಲುವುದರಿಂದ ಅವುಗಳ ವೇಗವೆಲ್ಲ ಶಾಖವಾಗುತ್ತದೆ. ಶಾಖವನ್ನು ವಿದ್ಯುತ್ತಾಗಿಸುವ ಉಪಾಯ ಹಳೆಯದು: ಎರಡು ಬೇರೆ ಬೇರೆ ವಸ್ತುಗಳನ್ನು ಜೋಡಿಸಿ ಒಂದು ತುದಿ ಬಿಸಿಯಾಗಿ, ಇನ್ನೊಂದು ತಣ್ಣಗೆ ಇಟ್ಟರೆ ವಿದ್ಯುತ್ ಹರಿಯುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಗಮನಿಸಿದ ಪರಿಣಾಮವಿದು. ವಾಯೇಜರ್‌ನಲ್ಲಿ ಈ ಜೋಡಿಗಳು ಸಿಲಿಕಾನ್-ಜರ್ಮೇನಿಯಂನವು. ಬಿಸಿ ತುದಿ ಇಂಧನದತ್ತ, ತಂಪು ತುದಿ ಬಾಹ್ಯಾಕಾಶದತ್ತ. ತಿರುಗುವ ಚಕ್ರವಿಲ್ಲ, ಸವೆಯುವ ಬೇರಿಂಗ್ ಇಲ್ಲ. ಈ ಯಂತ್ರವನ್ನು ಚುಟುಕಾಗಿ ಆರ್‌ಟಿಜಿ ಎನ್ನುತ್ತಾರೆ.

ದಕ್ಷತೆ ಮಾತ್ರ ತೀರಾ ಕಡಿಮೆ. ಪ್ರತಿ ವಾಯೇಜರ್‌ನ ಮೂರು ಆರ್‌ಟಿಜಿಗಳಲ್ಲಿ ಏಳು ಸಾವಿರ ವ್ಯಾಟ್‌ಗೂ ಮಿಕ್ಕಿ ಶಾಖ ಹುಟ್ಟುತ್ತಿತ್ತು; ವಿದ್ಯುತ್ತಾಗಿ ಸಿಕ್ಕಿದ್ದು ಸುಮಾರು 470 ವ್ಯಾಟ್, ಮನೆಯ ಮಿಕ್ಸಿಗೆ ಬೇಕಾದಷ್ಟೂ ಅಲ್ಲ. ಅಷ್ಟರಲ್ಲೇ ವಾಯೇಜರ್-2 ಗುರು, ಶನಿ, ಯುರೇನಸ್‌ಗಳನ್ನು ದಾಟಿ 1989ರಲ್ಲಿ ನೆಪ್ಚೂನ್‌ನ ಚಿತ್ರ ತೆಗೆಯಿತು, ಅದರ ಉಪಗ್ರಹ ಟ್ರೈಟನ್‌ನಲ್ಲಿ ಚಿಮ್ಮುವ ಬುಗ್ಗೆಗಳನ್ನೂ ಕಂಡಿತು.

ಪ್ಲುಟೋನಿಯಂ-238 ಅರ್ಧಕ್ಕಿಳಿಯಲು ಸುಮಾರು 88 ವರ್ಷ ಬೇಕು. ಆ ಲೆಕ್ಕದಲ್ಲಿ ವಾಯೇಜರ್‌ಗಳಲ್ಲಿ ಇಂದಿಗೂ ಮೂರರಲ್ಲಿ ಎರಡು ಪಾಲು ವಿದ್ಯುತ್ ಉಳಿದಿರಬೇಕಿತ್ತು. ಉಳಿದಿರುವುದು ಅರ್ಧಕ್ಕಿಂತ ಕಡಿಮೆ, ಏಕೆಂದರೆ ದಶಕಗಳ ಕಾವಿಗೆ ಆ ಸಿಲಿಕಾನ್-ಜರ್ಮೇನಿಯಂ ಜೋಡಿಗಳೂ ಬಲಗುಂದಿವೆ. ವರ್ಷಕ್ಕೆ ಸುಮಾರು ನಾಲ್ಕು ವ್ಯಾಟ್ ಕುಸಿಯುತ್ತಿರುವುದರಿಂದ ನಾಸಾ ಎಂಜಿನಿಯರುಗಳು ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಬಂದಿದ್ದಾರೆ.

ಈಚೆಗೆ ಸೌರಕೋಶಗಳು ಸುಧಾರಿಸಿ ಗುರುವಿನವರೆಗೆ ಬಿಸಿಲೇ ಸಾಕಾಗುತ್ತಿದೆ. 2011ರಲ್ಲಿ ಗುರುವಿನತ್ತ ಹೊರಟ ಜೂನೋ ನೌಕೆ ಮೂರು ಉದ್ದನೆಯ ಫಲಕಗಳಿಂದ ನಡೆಯುತ್ತದೆ. 2024ರಲ್ಲಿ ಗುರುವಿನ ಉಪಗ್ರಹ ಯೂರೋಪಾದತ್ತ ಹೊರಟ ಯೂರೋಪಾ ಕ್ಲಿಪರ್‌ನ ರೆಕ್ಕೆಗಳು ತುದಿಯಿಂದ ತುದಿಗೆ 30 ಮೀಟರಿಗೂ ಹೆಚ್ಚು.

ಶನಿಯ ಉಪಗ್ರಹ ಟೈಟನ್‌ಗೆ ಆ ದಾರಿ ಆಗದು. ದಟ್ಟ ಮಬ್ಬು ಇದ್ದಬದ್ದ ಬೆಳಕನ್ನೂ ನುಂಗುತ್ತದೆ. ನೆಲದ ಉಷ್ಣತೆ ಮೈನಸ್ 179 ಡಿಗ್ರಿ. 2028ರಲ್ಲಿ ಹೊರಟು 2034ರಲ್ಲಿ ಅಲ್ಲಿಗಿಳಿಯಬೇಕಿರುವ ಡ್ರ್ಯಾಗನ್‌ಫ್ಲೈ ಎಂಬ ಎಂಟು ರೋಟರುಗಳ ಹಾರುಯಂತ್ರಕ್ಕೆ ಮತ್ತೆ ಆರ್‌ಟಿಜಿಯೇ ಗತಿ. ಹಾರಲು ಬೇಕಾದಷ್ಟು ವಿದ್ಯುತ್ತನ್ನು ಅದು ಒಮ್ಮೆಗೇ ಕೊಡಲಾರದು. ಟೈಟನ್‌ನ ಒಂದು ರಾತ್ರಿಯೆಂದರೆ ಭೂಮಿಯ ಎಂಟು ದಿನ. ಆ ಹೊತ್ತಿನಲ್ಲಿ ನಿಧಾನವಾಗಿ ಬ್ಯಾಟರಿ ತುಂಬಿಸುತ್ತದೆ. ಹಗಲಿನಲ್ಲಿ ಬ್ಯಾಟರಿಯಿಂದ ಹಾರಾಟ. ವಿದ್ಯುತ್ತಾಗದೆ ಉಳಿಯುವ ಶಾಖವೂ ಅಲ್ಲಿ ದಂಡವಲ್ಲ, ಯಂತ್ರದ ಒಡಲನ್ನು ಬೆಚ್ಚಗಿಡುವುದು ಅದೇ.