ಗೋ ಫಸ್ಟ್ ದಿವಾಳಿ: ಎಂಜಿನ್ ಕೈಕೊಟ್ಟಿದ್ದೋ, ಆಡಳಿತ ಮಂಡಳಿಯ ನೆಪವೋ?

2023ರ ಮೇ 2. ಬೇಸಿಗೆ ರಜೆಗೆ ಟಿಕೆಟ್ ಕಾಯ್ದಿರಿಸಿದ್ದವರಿಗೆ ಬಂದಿದ್ದು ಆಘಾತದ ಸುದ್ದಿ. ಮುಂಬೈ ಮೂಲದ ವಾಡಿಯಾ ಸಮೂಹದ ಗೋ ಫಸ್ಟ್ ವಿಮಾನಯಾನ ಸಂಸ್ಥೆ ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿತ್ತು. ಮರುದಿನದಿಂದ ವಿಮಾನಗಳು ಹಾರಲಿಲ್ಲ.

ಸಾಲಗಾರರು ಎಳೆದು ತರುವ ಮೊದಲೇ ಸಂಸ್ಥೆಯೊಂದು ತಾನೇ ನ್ಯಾಯಮಂಡಳಿಯ ಬಾಗಿಲು ತಟ್ಟಿದಾಗ ಅನುಮಾನ ಸಹಜ. ಬಿಕ್ಕಟ್ಟು ನಿಜವೇ? ಅಥವಾ ಬಾಕಿ ವಸೂಲಿಯಿಂದ ತಪ್ಪಿಸಿಕೊಳ್ಳುವ ತಂತ್ರವೇ?

ಸಂಸ್ಥೆ ಹೇಳಿದ್ದೇನು?

ಗೋ ಫಸ್ಟ್ ಬೆರಳು ತೋರಿಸಿದ್ದು ಎಂಜಿನ್ ತಯಾರಕ ಪ್ರಾಟ್ ಆಂಡ್ ವಿಟ್ನಿ ಕಡೆಗೆ. ಏರ್‌ಬಸ್ ಎ320 ನಿಯೋ ವಿಮಾನಗಳ ಎಂಜಿನ್‌ಗಳು ಪದೇಪದೇ ಕೈಕೊಟ್ಟವು, ಬದಲಿ ಎಂಜಿನ್ ಬರಲಿಲ್ಲ ಎಂಬುದು ಅದರ ದೂರು. 2019ರ ಡಿಸೆಂಬರ್‌ನಲ್ಲಿ ಶೇ.7ರಷ್ಟು ವಿಮಾನಗಳು ನೆಲದಲ್ಲಿದ್ದರೆ, 2022ರ ಡಿಸೆಂಬರ್ ವೇಳೆಗೆ ಅದು ಶೇ.50ಕ್ಕೆ ಏರಿತು. ಇದರಿಂದಾದ ನಷ್ಟ 10,800 ಕೋಟಿ ರೂಪಾಯಿ ಎಂದು ಸಂಸ್ಥೆ ಲೆಕ್ಕ ಕೊಟ್ಟಿತು.

ಇದಕ್ಕೆ ಪ್ರಾಟ್ ಆಂಡ್ ವಿಟ್ನಿ ತಿರುಗೇಟು ನೀಡಿತು. ಹಣ ಪಾವತಿಯಲ್ಲಿ ಮಾತು ತಪ್ಪುವುದು ಗೋ ಫಸ್ಟ್‌ಗೆ ಹೊಸದಲ್ಲ ಎಂಬುದು ಅದರ ವಾದ.

ಎಂಜಿನ್ ದೋಷ ಸುಳ್ಳಲ್ಲ

ತುರ್ತಾಗಿ ಬದಲಿ ಎಂಜಿನ್ ಕೊಡುವಂತೆ ಸಿಂಗಾಪುರದ ಮಧ್ಯಸ್ಥಿಕೆದಾರರು 2023ರ ಮಾರ್ಚ್‌ನಲ್ಲೇ ಆದೇಶಿಸಿದ್ದರು. ಅದೇ ವರ್ಷ ಜುಲೈನಲ್ಲಿ ಪ್ರಾಟ್ ಆಂಡ್ ವಿಟ್ನಿಯ ಮಾತೃಸಂಸ್ಥೆ ಆರ್‌ಟಿಎಕ್ಸ್, ಎಂಜಿನ್ ಬಿಡಿಭಾಗಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ದೋಷವಿದೆ ಎಂದು ಒಪ್ಪಿಕೊಂಡಿತು. ಇದು ಬೇರೆಯೇ ದೋಷವಾದರೂ, ಈ ಎಂಜಿನ್‌ಗಳ ಮೇಲಿನ ದೂರು ಗಾಳಿಮಾತಲ್ಲ ಎಂಬುದಂತೂ ಸ್ಪಷ್ಟವಾಯಿತು.

ಆದರೆ ಅಷ್ಟೇ ಕಾರಣವಲ್ಲ

ಇದೇ ಎಂಜಿನ್‌ನ ವಿಮಾನಗಳು ಇಂಡಿಗೋ ಬಳಿಯೂ ಇದ್ದವು, ಹತ್ತಾರು ನೆಲಕ್ಕಿಳಿದವು ಕೂಡ. ಆದರೂ 2023-24ರಲ್ಲಿ ಇಂಡಿಗೋ 8,172 ಕೋಟಿ ರೂ. ಲಾಭ ಕಂಡಿತು. ಅದರ ಬಳಿ 300ಕ್ಕೂ ಹೆಚ್ಚು ವಿಮಾನಗಳಿದ್ದವು, ಬೇರೆ ಕಂಪನಿಯ ಎಂಜಿನ್‌ಗಳೂ ಇದ್ದವು. ಗೋ ಫಸ್ಟ್ ಬಳಿ ಇದ್ದದ್ದು ಐವತ್ತು ಚಿಲ್ಲರೆ ವಿಮಾನ, ಬಹುತೇಕ ಒಂದೇ ಬಗೆಯ ಎಂಜಿನ್. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಟ್ಟ ತೀರ್ಮಾನ ಆಡಳಿತ ಮಂಡಳಿಯದ್ದು.

ಸಾಲದ ಹೊರೆಯೂ ಹಳೆಯದೇ. 2021ರಲ್ಲಿ 3,600 ಕೋಟಿ ರೂ. ಸಂಗ್ರಹಕ್ಕೆ ಷೇರುಪೇಟೆಗೆ ಬರಲು ಸಂಸ್ಥೆ ಮುಂದಾಗಿತ್ತು. ಅದರ ಹೆಚ್ಚಿನ ಪಾಲು ಸಾಲ ತೀರಿಸಲೆಂದೇ ಮೀಸಲಾಗಿತ್ತು. ಆ ಷೇರು ಮಾರುಕಟ್ಟೆಗೆ ಬರಲೇ ಇಲ್ಲ.

ಗುತ್ತಿಗೆದಾರರ ಸಿಟ್ಟೇಕೆ?

ವಿಮಾನಗಳು ಗೋ ಫಸ್ಟ್‌ನ ಸ್ವಂತದ್ದಲ್ಲ, ಬಾಡಿಗೆಯವು. ಬಾಡಿಗೆ ಬಾರದಿದ್ದರೆ ಮಾಲೀಕರು ವಿಮಾನ ವಾಪಸ್ ಪಡೆಯಬಹುದು. ಆದರೆ ಆಗಿನ ನಿಯಮದಂತೆ ದಿವಾಳಿ ಅರ್ಜಿ ಅಂಗೀಕಾರವಾದ ಕ್ಷಣದಿಂದ ಬಾಡಿಗೆ ವಿಮಾನಗಳೂ ಸೇರಿ ಆಸ್ತಿಗಳಿಗೆ ತಡೆ ಬೀಳುತ್ತಿತ್ತು. ಹೀಗಾಗಿ ಇದು ದುರುದ್ದೇಶದ ಅರ್ಜಿ ಎಂದು ಬಾಡಿಗೆ ಕೊಟ್ಟವರು ಮೇಲ್ಮನವಿ ಸಲ್ಲಿಸಿದರು. 2023ರ ಮೇ 22ರಂದು ಮೇಲ್ಮನವಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಯನ್ನು ಎತ್ತಿಹಿಡಿಯಿತು.

ಅಂಕಿಅಂಶಗಳೂ ಅದನ್ನೇ ಹೇಳುತ್ತಿದ್ದವು. ಒಟ್ಟು ಹೊಣೆ 11,463 ಕೋಟಿ ರೂ. ಅದರಲ್ಲಿ ಬ್ಯಾಂಕ್ ಮೊದಲಾದ ಹಣಕಾಸು ಸಂಸ್ಥೆಗಳಿಗೆ 6,521 ಕೋಟಿ. ಬಾಡಿಗೆದಾರರಿಗೆ 2,660 ಕೋಟಿ, ಪೂರೈಕೆದಾರರಿಗೆ 1,202 ಕೋಟಿ ರೂ. ಬಾಕಿಯಿತ್ತು. ಇಂಧನಕ್ಕೂ ಹಣವಿರಲಿಲ್ಲ.

ಕೊನೆಗೆ ಆಗಿದ್ದೇನು?

2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದತಿಗೆ ಆದೇಶಿಸಿತು. ವಿಮಾನವೇ ಇಲ್ಲದ ಸಂಸ್ಥೆಯನ್ನು ಕೊಳ್ಳುವವರಾರು? 2025ರ ಜನವರಿ 20ರಂದು ನ್ಯಾಯಮಂಡಳಿ ಸಂಸ್ಥೆಯನ್ನು ಮುಚ್ಚಿ ಆಸ್ತಿ ಮಾರಲು ಆದೇಶ ನೀಡಿತು.

ಅಂದರೆ ಬಿಕ್ಕಟ್ಟು ನಾಟಕವಾಗಿರಲಿಲ್ಲ. ನಾಟಕವಾಗಿದ್ದರೆ ತಡೆ ಸಿಕ್ಕ ಮೇಲೆ ವಿಮಾನಗಳು ಮತ್ತೆ ಹಾರಬೇಕಿತ್ತು. ಆದರೆ ಎಂಜಿನ್ ಒಂದೇ ಕಾರಣ ಎಂಬ ವಾದ ಅರ್ಧಸತ್ಯ. ದೋಷ ತಯಾರಕರದ್ದು, ಅದನ್ನು ತಾಳಿಕೊಳ್ಳುವ ಶಕ್ತಿ ಇಲ್ಲದಂತೆ ಸಂಸ್ಥೆ ಕಟ್ಟಿದ್ದು ಆಡಳಿತ ಮಂಡಳಿ.

2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ನಿಂತಾಗಲೂ ಸಂಬಳವಿಲ್ಲದೆ ಉಳಿದವರು ನೌಕರರೇ. ಟಿಕೆಟ್ ಹಣ ಕಳೆದುಕೊಂಡ ಪ್ರಯಾಣಿಕ ಸಾಲಿನಲ್ಲಿ ಬ್ಯಾಂಕುಗಳ ಹಿಂದೆ ನಿಲ್ಲಬೇಕು. ಅರ್ಧದಷ್ಟು ವಿಮಾನ ನೆಲದಲ್ಲಿರುವಾಗಲೂ ಟಿಕೆಟ್ ಮಾರುವ ಸಂಸ್ಥೆಯ ಬಗ್ಗೆ ಎಚ್ಚರಿಕೆ ಗಂಟೆ ಬಾರಿಸುವವರು ಯಾರು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬೇಕಿದೆ.