ಡ್ರಾ ಅಂದರೆ ಬರೀ ಚಿತ್ರವಲ್ಲ

ಮೊನ್ನೆ ಐದನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ತಾತ, ಡ್ರಾ ಅಂದರೆ ಚಿತ್ರ ಬರೆಯೋದು ತಾನೆ? ಮತ್ತೆ ಎಟಿಎಂನಲ್ಲಿ ದುಡ್ಡು ಡ್ರಾ ಮಾಡ್ತೀನಿ ಅಂತೀಯಲ್ಲ, ನೋಟು ನೀನೇ ಬರೀತೀಯಾ?”

ನಗು ಬಂತು. ಆದರೆ ನಗಲಿಲ್ಲ.

ಮಕ್ಕಳೇ, ಈ ಇಂಗ್ಲಿಷ್ ಕ್ರಿಯಾಪದದ ಮೂಲ ಅರ್ಥ ‘ಎಳೆ’. ಬಾವಿಯಿಂದ ನೀರು ಸೇದುವುದೂ ಡ್ರಾ, ಕಿಟಕಿಯ ಪರದೆ ಎಳೆಯುವುದೂ ಡ್ರಾ, ಒರೆಯಿಂದ ಕತ್ತಿ ಹಿರಿಯುವುದೂ ಡ್ರಾ. ಕಾಗದದ ಮೇಲೆ ಪೆನ್ಸಿಲ್ ಎಳೆದರೆ ಚಿತ್ರ. ನಾವೂ ‘ಗೆರೆ ಎಳೆ’ ಎನ್ನುತ್ತೇವಲ್ಲ! ಖಾತೆಯಿಂದ ಹಣ ತೆಗೆಯುವುದು ಬಾವಿಯಿಂದ ನೀರು ಸೇದಿದ ಹಾಗೆ. ಡಬ್ಬಿಯಿಂದ ಚೀಟಿ ಎತ್ತಿದರೆ ಲಕ್ಕಿ ಡ್ರಾ. ಮೇಜಿನಲ್ಲಿ ಎಳೆಯುವ ಖಾನೆ ಡ್ರಾಯರ್.

ಬ್ಯಾಂಕಿನಲ್ಲಿ ಚೆಕ್ ಬರೆದುಕೊಟ್ಟವರಿಗೂ ಡ್ರಾಯರ್ ಎಂದೇ ಹೆಸರು. ನಾನು ಹೊಸದಾಗಿ ಗುಮಾಸ್ತನಾಗಿದ್ದಾಗ ಹಿರಿಯರೊಬ್ಬರು ತಂದ ಚೆಕ್ ವಾಪಸಾಯಿತು. ಜೊತೆಯ ಚೀಟಿಯಲ್ಲಿ ‘ರೆಫರ್ ಟು ಡ್ರಾಯರ್’ ಎಂದಿತ್ತು. ಅಂದರೆ, ಚೆಕ್ ಕೊಟ್ಟವರನ್ನೇ ವಿಚಾರಿಸಿ ಎಂದು. ಅವರು ಪಾಪ, ನನ್ನ ಮೇಜಿನ ಡ್ರಾಯರ್ ತೋರಿಸಿ, “ಇದರಲ್ಲಿ ಸ್ವಲ್ಪ ನೋಡಿ ಸ್ವಾಮಿ” ಎಂದರು. ನಾವೆಲ್ಲ ನಕ್ಕುಬಿಟ್ಟೆವು. ಅವರು ಚೆಕ್ ಮಡಚಿ ಜೇಬಿಗಿಟ್ಟುಕೊಂಡು ತಲೆ ತಗ್ಗಿಸಿ ಹೊರಟುಹೋದರು. ಮತ್ತೆ ಬರಲಿಲ್ಲ. ಆ ಹಣ ಅವರಿಗೆ ಸಿಕ್ಕಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಅರ್ಥ ಹೇಳಲು ಅರ್ಧ ನಿಮಿಷ ಸಾಕಿತ್ತು.

ಅದಕ್ಕೇ ಮೊಮ್ಮಗಳಿಗೆ ಮೊದಲು ಉತ್ತರ ಹೇಳಿದೆ. ಆಮೇಲೆ ಇಬ್ಬರೂ ನಕ್ಕೆವು. ನಿಮ್ಮ ಅಜ್ಜ ಅಜ್ಜಿ ಮೊಬೈಲಿನಲ್ಲಿ ಬಂದ ಇಂಗ್ಲಿಷ್ ಪದದ ಅರ್ಥ ಕೇಳಿದರೆ ನೀವೂ ಹಾಗೇ ಮಾಡಿ, ಮಕ್ಕಳೇ.