ಲಾಭದ ಲೆಕ್ಕಕ್ಕೆ ಸಿಗದ ಊರುಗಳ ದೂರವಾಣಿ

ಭಾರತಕ್ಕೆ ದೂರವಾಣಿಯನ್ನು ತಂದದ್ದು ಖಾಸಗಿ ಕಂಪನಿ. ಇಂಗ್ಲೆಂಡಿನ ಓರಿಯೆಂಟಲ್ ಟೆಲಿಫೋನ್ ಕಂಪನಿಯು 1882ರ ಜನವರಿಯಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳನ್ನು ತೆರೆಯಿತು. ವ್ಯಾಪಾರವಿದ್ದಲ್ಲಿಗೆ ತಂತಿ ಎಳೆಯುವುದು ಕಂಪನಿಯ ಧರ್ಮ, ಅದನ್ನು ದೂಷಿಸುವಂತಿಲ್ಲ. ಆದರೆ ಕಡೂರು ತಾಲ್ಲೂಕಿನ ಯಗಟಿಯಂತಹ ಬಯಲುಸೀಮೆಯ ಹೋಬಳಿಗಳಿಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

ಸ್ವಾತಂತ್ರ್ಯಾನಂತರ, 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಉಪಕರಣಗಳು ನಮ್ಮಲ್ಲೇ ತಯಾರಾದರೂ ಹಳ್ಳಿಯ ಸೆಕೆ, ದೂಳುಗಳಿಗೆ ಜಗ್ಗದ ವಿನಿಮಯ ಕೇಂದ್ರ ಬೇಕಿತ್ತು. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣದ ಅಗತ್ಯವಿಲ್ಲದ 128 ಸಂಪರ್ಕಗಳ ಗ್ರಾಮೀಣ ಕೇಂದ್ರವನ್ನು ರೂಪಿಸಿತು. ಅದು 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಬಂದರು ನಗರಗಳಿಂದ ಹೊರಟ ದೂರವಾಣಿ ಹಳ್ಳಿಗೆ ತಕ್ಕ ರೂಪ ತಾಳಲು ನೂರು ವರ್ಷಗಳೇ ಬೇಕಾದವು.

ಸರ್ಕಾರ ಕಟ್ಟಿದ ಈ ಜಾಲದ ಬಹುಭಾಗ 2000ದ ಅಕ್ಟೋಬರ್‌ 1ರಂದು ಬಿಎಸ್ಎನ್ಎಲ್ ಪಾಲಿಗೆ ಬಂತು. ಈಗ ಮೊಬೈಲ್ ಮನೆಮನೆಗೂ ಬಂದಿದೆ. ಸ್ಥಿರ ದೂರವಾಣಿ ಮೂಲೆ ಸೇರಿದೆ. ಆದರೂ 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಸಿಗ್ನಲ್ ಅರಸಿ ಗುಡ್ಡ ಹತ್ತಬೇಕಾಯಿತು. ತಂತಿ ಹೋಗಿ ಗೋಪುರ ಬಂದರೂ ಹಳೆಯ ಲೆಕ್ಕ ಬದಲಾಗಿಲ್ಲ. ಸಾರ್ವಜನಿಕ ಸಂಸ್ಥೆ ಸೊರಗಿದರೆ, ಲಾಭ ತಾರದ ಊರಿನ ಕರೆಗೆ ಓಗೊಡುವವರು ಯಾರು?